ಅಂಗಡಿಗೆ ಸಾಲ: ಕಟ್ಟೆಯ ಮಾತು, ಬ್ಯಾಂಕಿನ ಲೆಕ್ಕ

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಹೋಬಳಿಯ ಊರುಗಳಲ್ಲಿ ದಿನಸಿ ಅಂಗಡಿ ಅಂದರೆ ಬಹುಪಾಲು ಮನೆಯ ಮುಂಭಾಗವೇ. ಬೆಳಿಗ್ಗೆ ಗಂಡ, ಮಧ್ಯಾಹ್ನ ಹೆಂಡತಿ, ಸಂಜೆ ಕಾಲೇಜು ಮುಗಿಸಿ ಬಂದ ಮಗ, ಹೀಗೆ ಗಲ್ಲಾ ಕೈ ಬದಲಾಗುತ್ತದೆ. ಉದ್ರಿ ಪುಸ್ತಕ ಚುಕ್ತಾ ಆಗುವುದು ಡೈರಿಯ ಬಟವಾಡೆ ಬಂದಾಗ. ಇಂಥ ಅಂಗಡಿಗೆ ಒಂದು ಫ್ರಿಜ್, ಎರಡು ರ‍್ಯಾಕ್, ಯುಗಾದಿಯ ಸರಕು ಬೇಕೆಂದರೆ ಒಂದೆರಡು ಲಕ್ಷ ಸಾಕು, ಹೆಚ್ಚೆಂದರೆ ಐದು. ಅಷ್ಟು ಸಣ್ಣ ಮೊತ್ತಕ್ಕೂ ಬ್ಯಾಂಕಿನ ಮೆಟ್ಟಿಲು ಹತ್ತದಂತೆ ತಡೆಯುವುದು ಬಡ್ಡಿಯ ದರವಲ್ಲ, ಕಟ್ಟೆಯ ಮೇಲೆ ಕೇಳಿದ ಮಾತು.

“ಜಮೀನಿನ ಪತ್ರ ಇಡದಿದ್ದರೆ ಬ್ಯಾಂಕು ಸಾಲ ಕೊಡಲ್ಲ.”

ಹೊಸಕೋಟೆ ಸೀಮೆಯಲ್ಲಿ ಒಂದು ಗುಂಟೆಯೂ ಚಿನ್ನದ ಬೆಲೆ ಬಾಳುವಾಗ ಪತ್ರ ಕೈಬಿಡಲು ಯಾರಿಗೆ ಮನಸ್ಸು ಬಂದೀತು? ಬಿಡಬೇಕಾಗಿಯೂ ಇಲ್ಲ. ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕಂತೂ ಬ್ಯಾಂಕುಗಳು ಆಸ್ತಿ ಅಡಮಾನ ಕೇಳಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. 2015ರ ಏಪ್ರಿಲ್ 8ರಂದು ಶುರುವಾದ ಮುದ್ರಾ ಯೋಜನೆ ನಿಂತಿರುವುದೂ ಇದೇ ನೆಲೆಯ ಮೇಲೆ. 50,000 ರೂಪಾಯಿವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೂ ಉಂಟು. ಆದರೆ ಸಾಲದಿಂದ ಕೊಂಡ ಫ್ರಿಜ್ಜು, ಸರಕು ಸಾಲ ತೀರುವ ತನಕ ಬ್ಯಾಂಕಿನ ಹಕ್ಕಿಗೆ ಒಳಪಟ್ಟಿರುತ್ತವೆ. ಅಡಮಾನ ಬೇಡ ಎಂದ ಮಾತ್ರಕ್ಕೆ ವಿಚಾರಣೆಯೂ ಬೇಡ ಎಂದಾಗುವುದಿಲ್ಲ.

“ಮುದ್ರಾ ಅಂದರೆ ಸರ್ಕಾರದ ದುಡ್ಡು, ಅರ್ಧ ಸಬ್ಸಿಡಿ.”

ಸಬ್ಸಿಡಿ ಇಲ್ಲವೇ ಇಲ್ಲ. ಮುದ್ರಾ ಸಂಸ್ಥೆ ನೇರವಾಗಿ ಯಾರಿಗೂ ಸಾಲ ಕೊಡುವುದಿಲ್ಲ. ಬ್ಯಾಂಕು ಕೊಡುತ್ತದೆ, ಪೈಸೆ ಪೈಸೆ ವಾಪಸು ಕೇಳುತ್ತದೆ. ಏಜೆಂಟರನ್ನೂ ಮುದ್ರಾ ಸಂಸ್ಥೆ ನೇಮಿಸಿಲ್ಲ. “ನಿಮ್ಮ ಸಾಲ ಮಂಜೂರಾಗಿದೆ, ಮೊದಲು ಫೀಸು ಕಟ್ಟಿ” ಎಂದು ವಾಟ್ಸಾಪಿಗೆ ಬರುವ ಪತ್ರ ಮೋಸದ್ದು. ಸಬ್ಸಿಡಿ ಬೇಕೆಂದವರು ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮದ (ಪಿಎಂಇಜಿಪಿ) ಹೆಸರು ಹೇಳುತ್ತಾರೆ, ಆದರೆ ಅದರ ಮೊದಲ ಸಾಲ ಹೊಸ ಘಟಕಕ್ಕೇ ಮೀಸಲು. ಅಪ್ಪನ ಕಾಲದ ಅಂಗಡಿ ಅದಕ್ಕೆ ಒಗ್ಗದು. ಮನೆಯ ಹೆಣ್ಣುಮಗಳ ಹೆಸರಿನಲ್ಲಿ ವ್ಯಾಪಾರವಿದ್ದರೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯನ್ನು ವಿಚಾರಿಸಬಹುದು. ಅದರಲ್ಲಿ ಸಬ್ಸಿಡಿ ಇದೆ, ಆದಾಯದ ಮಿತಿಯೂ ಇದೆ.

“ಫೋನ್‌ಪೇ ಬೋರ್ಡ್ ತೆಗೆದರೆ ಬಚಾವ್.”

ಕಟ್ಟೆಯ ಮಾತುಗಳಲ್ಲಿ ಅತಿ ದುಬಾರಿಯಾದದ್ದು ಇದೇ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿಗಳಿಗೆಲ್ಲ ನೋಟಿಸು ಕಳಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಹರಿದು “ಕ್ಯಾಶ್ ಮಾತ್ರ” ಎಂಬ ಚೀಟಿಗಳು ಅಂಟಿದವು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಚೀಟಿಗಳು ಉದುರಿದರೂ ಭಯ ಉದುರಲಿಲ್ಲ.

ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷದ ವಹಿವಾಟು 40 ಲಕ್ಷ ದಾಟಿದರೆ. ಅಂದರೆ ವರ್ಷವಿಡೀ ದಿನಕ್ಕೆ ಸುಮಾರು 11,000 ರೂಪಾಯಿ ವ್ಯಾಪಾರ. ದಾಟಿದವರಿಗೂ 1.5 ಕೋಟಿಯವರೆಗೆ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿ ಇದೆ; ಅದರಲ್ಲಿ ವ್ಯಾಪಾರಿ ಕಟ್ಟುವುದು ವಹಿವಾಟಿನ ಶೇ. 1. ನಲವತ್ತು ಲಕ್ಷದ ವ್ಯಾಪಾರಕ್ಕೆ ನಲವತ್ತು ಸಾವಿರ. ಇದನ್ನು ತಪ್ಪಿಸಲು ಬ್ಯಾಂಕಿನ ಕಣ್ಣಿಗೂ ಬೀಳದೆ ಕೂತು, 3 ಲಕ್ಷವನ್ನು ನೂರಕ್ಕೆ ಮೂರರ ತಿಂಗಳ ಬಡ್ಡಿಗೆ ತಂದರೆ ವರ್ಷಕ್ಕೆ 1,08,000 ರೂಪಾಯಿ ಬಡ್ಡಿಗೇ ಹೋಯಿತು. ಯಾವುದಕ್ಕೆ ಹೆದರಬೇಕು ಎಂಬುದನ್ನು ಓದುಗರೇ ಹೇಳಲಿ.

ಉದ್ರಿ ಪುಸ್ತಕ ಎಷ್ಟೇ ದಪ್ಪವಿರಲಿ, ಬ್ಯಾಂಕಿನವರಿಗೆ ಅದು ಓದಲು ಬಾರದ ಲಿಪಿ. ಅವರು ಕೇಳುವುದು ಖಾತೆಯ ಸ್ಟೇಟ್‌ಮೆಂಟು. ಫೋನ್‌ಪೇ, ಗೂಗಲ್‌ಪೇಯಲ್ಲಿ ದಿನವೂ ಬೀಳುವ ಇಪ್ಪತ್ತು, ಐವತ್ತು ರೂಪಾಯಿಗಳೇ ಅಲ್ಲಿ ಸಾಕ್ಷಿ. ಆದಾಯ ತೆರಿಗೆಯ ಅಂದಾಜು ಲೆಕ್ಕದಲ್ಲೂ ಡಿಜಿಟಲ್ ವಹಿವಾಟಿನ ಶೇ. 6, ನಗದಿನ ಶೇ. 8 ಲಾಭವೆಂದು ತೋರಿಸಬೇಕು. 24 ಲಕ್ಷದ ವ್ಯಾಪಾರವೆಲ್ಲ ಯುಪಿಐನಲ್ಲಿ ಬಂದರೆ ಲಾಭ 1,44,000. ಬೇರೆ ಆದಾಯವಿಲ್ಲದಿದ್ದರೆ ತೆರಿಗೆ ಸೊನ್ನೆ, ಕೈಯಲ್ಲಿ ಮಾತ್ರ ರಿಟರ್ನ್ಸ್ ಕಾಗದ. ಇದರ ಜೊತೆ ಕಿರು, ಸಣ್ಣ ಉದ್ದಿಮೆಗಳಿಗೆಂದೇ ಇರುವ ಉದ್ಯಮ್ ನೋಂದಣಿ. ಚಿಲ್ಲರೆ ವ್ಯಾಪಾರಿಗಳಿಗೆ ಇದರ ಬಾಗಿಲು ತೆರೆದದ್ದು 2021ರ ಜುಲೈನಲ್ಲಿ, ಮುಖ್ಯವಾಗಿ ಆದ್ಯತಾ ವಲಯದ ಸಾಲ ಸಿಗಲೆಂದೇ. ಸಂಪೂರ್ಣ ಉಚಿತವಾದ ಇದಕ್ಕೆ ಸೈಬರ್ ಸೆಂಟರಿನಲ್ಲಿ ದುಡ್ಡು ತೆರುವವರನ್ನು ಕಂಡರೆ ಬೇಸರವಾಗುತ್ತದೆ.

“ಬಡ್ಡಿ ಎಲ್ಲಿ ತಗೊಂಡರೂ ಒಂದೇ.”

ದಿನದ ಲೈನ್ ಸಾಲವನ್ನೇ ನೋಡಿ. ಹತ್ತು ಸಾವಿರ ಎಂದು ಬರೆಸಿ, 8,500 ಕೈಗಿಟ್ಟು, ದಿನಕ್ಕೆ ನೂರರಂತೆ ನೂರು ದಿನ ವಸೂಲಿ. ಕೇಳಲು ಹಗುರ, ವರ್ಷದ ಲೆಕ್ಕ ಹಾಕಿದರೆ ಬಡ್ಡಿ ಶೇ. 100ನ್ನು ದಾಟುತ್ತದೆ. ಫೈನಾನ್ಸಿನವರು ಹೇಳುವ “ಶೇ. 12 ಫ್ಲಾಟ್” ಕೂಡ ನುಣ್ಣಗಿನ ಮಾತು: ಒಂದು ಲಕ್ಷಕ್ಕೆ ವರ್ಷಕ್ಕೆ 12,000. ಕಂತು ಕಟ್ಟಿದಂತೆ ಅಸಲು ಇಳಿಯುವ ಬ್ಯಾಂಕಿನ ಲೆಕ್ಕದಲ್ಲಿ ಅದೇ ಶೇ. 12ಕ್ಕೆ ಬಡ್ಡಿ ಸುಮಾರು 6,600. ಹಾಗಾಗಿ ಸಹಿಗೆ ಮುನ್ನ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆ ಕೇಳಿ. 2024ರ ಅಕ್ಟೋಬರ್‌ನಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಅದನ್ನು ಕೊಡಲೇಬೇಕು. ಎಲ್ಲ ಖರ್ಚೂ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ.

“ಇದುವರೆಗೆ ಸಾಲ ಮಾಡಿಲ್ಲ, ಸಿಬಿಲ್ ಇಲ್ಲ, ಅರ್ಜಿ ಹಾಕಿ ಪ್ರಯೋಜನವಿಲ್ಲ.”

ಸಾಲದ ಇತಿಹಾಸವೇ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲದ ಅರ್ಜಿಯನ್ನು ತಿರಸ್ಕರಿಸಬಾರದೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಸಿಬಿಲ್‌ನಂಥ ಸಂಸ್ಥೆಯಲ್ಲಿರುವ ಸ್ವಂತ ಸಾಲ ಇತಿಹಾಸದ ವರದಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ನೋಡಬಹುದು, ನೋಡಿದರೆ ಅಂಕ ಇಳಿಯುವುದಿಲ್ಲ. ನಂಟರ ಬೈಕ್ ಸಾಲಕ್ಕೆ ಹಿಂದೆಂದೋ ಹಾಕಿದ ಶ್ಯೂರಿಟಿ ಸಹಿ ಅಲ್ಲಿ ಕೂತಿರಬಹುದು, ಅದನ್ನು ಮಾತ್ರ ನೋಡಿಕೊಳ್ಳಿ.

“ಸಿಕ್ಕಷ್ಟೂ ತಗೊಂಡರಾಯ್ತು.”

ಬೇಡ. ಫ್ರಿಜ್ಜಿಗೆ ಕಂತಿನ ಸಾಲ ಸರಿ. ಸರಕಿಗೆ ಕ್ಯಾಶ್ ಕ್ರೆಡಿಟ್ ಅಥವಾ ಓವರ್‌ಡ್ರಾಫ್ಟ್ ಕೇಳಬೇಕು. ಅದರಲ್ಲಿ ತೆಗೆದ ಹಣಕ್ಕೆ, ತೆಗೆದ ದಿನಗಳಿಗೆ ಮಾತ್ರ ಬಡ್ಡಿ. ಯುಗಾದಿಗೆ ಬೆಲ್ಲ, ಎಣ್ಣೆ ತುಂಬಿಸಿ, ಹೊಸತೊಡಕು ಮುಗಿದ ಮೇಲೆ ವಾಪಸು ತುಂಬಿದರೆ ಉಳಿದ ತಿಂಗಳು ಭಾರವಿಲ್ಲ. ಇದರ ಮಿತಿಗೆ ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಹಳೆಯ ಸೂತ್ರ ಈಗಲೂ ಬಳಕೆಯಲ್ಲಿದೆ: ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ. 20 ಬ್ಯಾಂಕಿನದು, ಶೇ. 5 ವ್ಯಾಪಾರಿಯದು. 20 ಲಕ್ಷದ ಅಂಗಡಿಗೆ 4 ಲಕ್ಷ. ನನ್ನನ್ನು ಕೇಳಿದರೆ ಅದರ ಅರ್ಧದಿಂದ ಶುರುಮಾಡುವುದು ಒಳ್ಳೆಯದು. ಗಾಜಿನ ಬಾಗಿಲು, ಎಲ್‌ಇಡಿ ಬೋರ್ಡಿಗೆ ಸಾಲ ಮಾಡಿ ಅಂಗಡಿ ಬೆಳೆಯಿತು ಎನ್ನುವುದನ್ನು ನಾನಂತೂ ನಂಬುವುದಿಲ್ಲ.

ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯಿರಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಸಹಾಯವಾಣಿ 14448.