ಹಾಲಕ್ಕಿ ಸಂಸಾರದ ಫೋಟೊ ತೆಗೆಯೋದು ಹೇಗೆ?

ಹಳೇ ಮಾವಿನ ಮರದ ಪೊಟರೆಯಿಂದ
ಎರಡು ಹಳದಿ ಕಣ್ಣು ನಿಮ್ಮನ್ನೇ ನೋಡ್ತಿವೆ.
ಯಾರದು, ಗೊತ್ತಾ?

ಹಾಲಕ್ಕಿ!
ಬುಡಬುಡಿಕೆಯವರು ಶಕುನ ಹೇಳುವಾಗ ನೆನೆಯೋ ಅದೇ ಹಾಲಕ್ಕಿ.
ಹೆಚ್ಚುಕಮ್ಮಿ ಗೊರವಂಕದಷ್ಟೇ ಇರೋ ಪುಟ್ಟ ಗೂಬೆ.
ಕಂದು ಮೈ ತುಂಬಾ ಬಿಳಿ ಚುಕ್ಕಿ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇವು ಮರಿ ಮಾಡೋ ಕಾಲ.
ಗೂಡಲ್ಲಿ ಸಾಮಾನ್ಯವಾಗಿ 3 ಅಥವಾ 4 ಮೊಟ್ಟೆ.

ಹೊತ್ತು ಮುಳುಗೋವಾಗ ನೋಡಿ.
ಪೊಟರೆಯಿಂದ ಮೊದಲು ಒಂದು ಪುಟ್ಟ ತಲೆ.
ಅದನ್ನ ತಳ್ಳಿಕೊಂಡು ಇನ್ನೊಂದು!
ಅಪ್ಪ, ಅಮ್ಮ ಇಬ್ಬರೂ
ಮಿಡತೆ, ಜೀರುಂಡೆ, ಹಲ್ಲಿ ಹಿಡಿದು ತರ್ತವೆ.

ಈ ಹಕ್ಕಿ ಆಗಾಗ ತಲೆ ಆಡಿಸುತ್ತೆ. ಯಾಕೆ?
ಗೂಬೆಯ ಕಣ್ಣುಗುಡ್ಡೆ ನಮ್ಮ ಹಾಗೆ ಹೊರಳಲ್ಲ.
ದೂರ ಸರಿಯಾಗಿ ಅಳೆಯೋಕೆ ತಲೆ ಆಡಿಸುತ್ತೆ.
ನಮ್ಮ ಕುತ್ತಿಗೆಯಲ್ಲಿ 7 ಮೂಳೆ,
ಗೂಬೆಗೆ 14!
ಅದಕ್ಕೇ ಅದರ ತಲೆ ಅಷ್ಟು ಸಲೀಸಾಗಿ ತಿರುಗುತ್ತೆ.

ಈಗ ಕ್ಯಾಮೆರಾ.
ದೂರ ನಿಲ್ಲಿ. ಝೂಮ್ ಮಾಡಿ. ಸುಮ್ಮನೆ ಕಾಯಿರಿ.
ನಿಮ್ಮನ್ನೇ ದಿಟ್ಟಿಸಿ, ಬಗ್ಗಿ ಬಗ್ಗಿ ತಲೆ ಆಡಿಸ್ತಿದೆಯಾ?
ಅದಕ್ಕೆ ಗಾಬರಿಯಾಗಿದೆ. ಹಿಂದೆ ಸರಿಯಿರಿ.

ಫ್ಲಾಶ್ ಬೇಡವೇ ಬೇಡ.
ಕತ್ತಲ ರಸ್ತೆಯಲ್ಲಿ ಎದುರು ಲಾರಿ ಹೈಬೀಮ್ ಹಾಕಿದರೆ
ನಿಮ್ಮ ಕಣ್ಣಿಗೆ ಹೇಗಾಗುತ್ತೆ?
ಗೂಬೆಗೂ ಹಾಗೇ.

ಮೊಬೈಲಲ್ಲಿ ಅದರ ಕೂಗು ಹಾಕಿ ಕರೀಬೇಡಿ.
ಫೋಟೊ ಹಾಕಿ, ಮರ ಎಲ್ಲಿದೆ ಅಂತ ಹೇಳಬೇಡಿ.
ಮಾಟಕ್ಕೆ ಅಂತ ಗೂಬೆ ಹಿಡಿಯೋರು ಈಗಲೂ ಇದ್ದಾರೆ.
1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಇನ್ನೊಂದೇ ಮಾತು.
ಪೊಟರೆ ಇರೋ ಹಳೇ ಮರ ಕಡೀಬೇಡಿ.
ಒಳಗೆ ಒಂದು ಸಂಸಾರ ಇರಬಹುದು.