ಪಾದದ ನೋವಿಗೆ ಯಾವ ವೈದ್ಯರು?

ಒಂದು ಪಾದದಲ್ಲಿ 26 ಮೂಳೆಗಳಿವೆ. ಆದರೆ ನೋವಿನ ಮೂಲ ಮೂಳೆಯಲ್ಲೇ ಇರಬೇಕೆಂದಿಲ್ಲ. ನರ, ರಕ್ತನಾಳಗಳಲ್ಲೂ ಇರಬಹುದು.

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದೊಡನೆ ಹಿಮ್ಮಡಿಗೆ ಮೊಳೆ ಚುಚ್ಚಿದಂತಾಗಿ, ಸ್ವಲ್ಪ ನಡೆದರೆ ತಗ್ಗುತ್ತದೆಯೇ? ಅದು ಬಹುಶಃ ಪ್ಲಾಂಟರ್ ಫೇಶಿಯೈಟಿಸ್. ಫಿಸಿಯೋಥೆರಪಿಸ್ಟ್ ಕಲಿಸುವ ವ್ಯಾಯಾಮ, ಮೆತ್ತನೆಯ ಪಾದರಕ್ಷೆಯಿಂದಲೇ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಗುಣವಾಗುತ್ತದೆ. ಬಿದ್ದು ಕಾಲೂರಲಾಗದಿದ್ದರೆ ಮೂಳೆತಜ್ಞರು ಬೇಕು. ಹೆಬ್ಬೆರಳಿನ ಬುಡ ರಾತ್ರೋರಾತ್ರಿ ಕೆಂಪಾಗಿ ಊದಿದರೆ ಗೌಟ್ ಇರಬಹುದು, ಫಿಸಿಶಿಯನ್‌ರನ್ನು ಕಾಣಬೇಕು. ನಡೆದಾಗ ಮೀನಖಂಡ ಹಿಡಿದು, ನಿಂತರೆ ಬಿಡುವ ನೋವಿಗೆ ರಕ್ತನಾಳ ತಜ್ಞರು.

ಮಧುಮೇಹಿಗಳ ಕತೆ ಬೇರೆ. ಜೋಮು ಹಿಡಿದ ಪಾದಕ್ಕೆ ಗಾಯವಾದರೂ ಗೊತ್ತಾಗದು. ಸಣ್ಣ ಹುಣ್ಣಾದರೂ ಮಧುಮೇಹ ತಜ್ಞರಿಗೆ ಕೂಡಲೇ ತೋರಿಸಬೇಕು. ಬೆಂಗಳೂರಿನ ಕರ್ನಾಟಕ ಎಂಡೋಕ್ರಿನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪಾದದ ಆರೈಕೆಗೆಂದೇ ಪೊಡಿಯಾಟ್ರಿ ವಿಭಾಗವಿದೆ.