ತಟ್ಟಿನಡಿ ಇನ್ನೊಂದು ಎಂಜಿನ್

ಬಾನೆಟ್ ಇಲ್ಲ, ಸೀಟು ಇಲ್ಲ, ಮುಂದಿನ ಗಾಲಿಗಳೂ ಇಲ್ಲ. ಗೋಡೆಗೆ ಒರಗಿಸಿಟ್ಟ ಬಂಪರಿನ ಮೇಲೆ ಮಾತ್ರ ಹೊಚ್ಚಹೊಸ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು ಮಿಂಚುತ್ತಿತ್ತು. ಯರಗುಪ್ಪಿಯ ಆ ತಗಡಿನ ಶೆಡ್ಡಿನಲ್ಲಿ ಒಂದು ಬದಿಗೆ ಹತ್ತಿಯ ಅಂಡಿಗೆಗಳು, ಇನ್ನೊಂದು ಬದಿಗೆ ಕೂರಿಗೆ, ಕುಂಟೆ. ನಡುವೆ ಕಟ್ಟಿಗೆ ದಿಮ್ಮಿಗಳ ಮೇಲೆ ಕೂತಿದ್ದದ್ದು ಕೆಎ-25 ನಂಬರಿನ, 2002ರ ಮಾರುತಿ ಝೆನ್. ಮಾಲೀಕ ಮೂವತ್ತರ ಆಸುಪಾಸಿನ ರೈತ. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಊರಿಗೆ ಮರಳಿ, ಮೆಣಸಿನಕಾಯಿ, ಹತ್ತಿ, ಕಡಲೆ ಬೆಳೆಯುತ್ತಿರುವವನು. ಮಾತಿಗೆ ಮೊದಲೇ ಒಂದು ಷರತ್ತು ಹಾಕಿದ: “ಹೆಸರು ಬರೀಬ್ಯಾಡ್ರಿ ಸರ. ಆರ್‌ಟಿಓದವ್ರೂ ಪೇಪರ್ ಓದ್ತಾರ.”

ಕುಂದಗೋಳದ ಚಹಾದಂಗಡಿಯಲ್ಲಿ ಯಾರೋ ‘ಯರಗುಪ್ಪ್ಯಾಗ ಒಬ್ಬಾಂವ ರೇಸಿನ ಝೆನ್ ಕಟ್ಟಾಕತ್ಯಾನ’ ಅಂದದ್ದೇ ನನಗೆ ಸಾಕಾಗಿತ್ತು. ಝೆನ್ ಎಂದರೆ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. 1993ರಲ್ಲಿ ಆ ಗುಂಡುಗುಂಡಾದ ಕಾರು ರಸ್ತೆಗೆ ಬಂದಾಗ ಮಾರುತಿ 800ರಲ್ಲಿ ಕೂತು ಬೆಳೆದ ನಮ್ಮ ಕಣ್ಣಿಗೆ ಅದು ಬೇರೆ ಲೋಕದ ವಸ್ತು. 993 ಸಿಸಿ, ಪೂರ್ತಿ ಅಲ್ಯೂಮಿನಿಯಮ್ ಎಂಜಿನ್, ಮುಕ್ಕಾಲು ಟನ್ನಿನ ಆಸುಪಾಸಿನ ತೂಕ. ಮೊದಲು 50 ಅಶ್ವಶಕ್ತಿ, ಎಂಪಿಎಫ್‌ಐ ಬಂದ ಮೇಲೆ 60. ಈಗಿನ ಲೆಕ್ಕದಲ್ಲಿ ಇದು ಯಾವ ಮಹಾ ಶಕ್ತಿಯೂ ಅಲ್ಲ. ಆದರೆ ಹಗುರಾದ ಗಾಡಿಗೆ ಅಷ್ಟೇ ಶಕ್ತಿ ಎಷ್ಟು ಹುಮ್ಮಸ್ಸು ಕೊಡುತ್ತದೆ ಎಂಬುದು ಓಡಿಸಿದವರಿಗೆ ಗೊತ್ತು.

ಹಾಟ್ ಹ್ಯಾಚ್‌ಬ್ಯಾಕಿನ ಇತಿಹಾಸ ಗೊತ್ತಿರುವಂಥದ್ದೇ. 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, 110 ಅಶ್ವಶಕ್ತಿ; 1984ರ ಪ್ಯೂಜೋ 205 ಜಿಟಿಐ. ಸಂಸಾರಸ್ಥರ ಸಣ್ಣ ಕಾರಿಗೆ ಕಂಪನಿಯೇ ದೊಡ್ಡ ಎಂಜಿನ್ ಹಾಕಿ ಪುಂಡಾಟಕ್ಕೆ ಬಿಟ್ಟದ್ದು. ನಮಗೆ ಸಿಕ್ಕಿದ್ದು ತಡವಾಗಿ, ಅದೂ ಅರೆಬರೆ. 2001ರ ಫಿಯೆಟ್ ಪಾಲಿಯೊ 1.6ಕ್ಕೆ 100 ಅಶ್ವಶಕ್ತಿ ಇತ್ತು, ಜೊತೆಗೆ ಪೆಟ್ರೋಲ್ ಕುಡುಕ ಎಂಬ ಹೆಸರೂ ಇತ್ತು. 2015ರ ಅಬಾರ್ತ್ ಪುಂಟೊ 145 ಅಶ್ವಶಕ್ತಿಯೊಂದಿಗೆ ಹತ್ತು ಲಕ್ಷದ ಒಳಗೆ ಬಂತು, ಮೆಚ್ಚಿದವರು ಬಹಳ, ಕೊಂಡವರು ಕಡಿಮೆ. ಮರುವರ್ಷ ಬಂದ ಪೋಲೊ ಜಿಟಿಐ ಬೆಲೆ 25 ಲಕ್ಷದ ಮೇಲೆ, ಇಡೀ ದೇಶಕ್ಕೆ 99 ಕಾರು. ಮಾರುತಿಯವರೂ 2003ರಲ್ಲಿ ಝೆನ್ ಕಾರ್ಬನ್, ಝೆನ್ ಸ್ಟೀಲ್ ಎಂದು ಕಪ್ಪು, ಬೆಳ್ಳಿ ಬಣ್ಣದಲ್ಲಿ ಕೆಲವೇ ನೂರು ಕಾರು ಬಿಟ್ಟರು. ಹಿಂದಿನ ಬಾಗಿಲು ಎರಡನ್ನೂ ಕಿತ್ತರು, ಎಂಜಿನ್ ಮುಟ್ಟಲಿಲ್ಲ! ಅಜ್ಜಿಯನ್ನು ಮುಂದಿನ ಸೀಟು ಮಡಚಿ ಹಿಂದಕ್ಕೆ ಹತ್ತಿಸಬೇಕು, ವೇಗ ಮಾತ್ರ ಅಷ್ಟೇ. ಇಂದು ಅದನ್ನು ಅಪರೂಪದ ಕಾರು ಎಂದು ಹುಡುಕಿಕೊಂಡು ಹೋಗುವವರಿದ್ದಾರೆ. ಹೋಗಲಿ ಬಿಡಿ.

ಆದ್ದರಿಂದ ಈ ದೇಶದ ಬಿಸಿಬಿಸಿ ಹ್ಯಾಚ್‌ಬ್ಯಾಕುಗಳು ಹುಟ್ಟಿದ್ದು ಹೆಚ್ಚಾಗಿ ಗ್ಯಾರೇಜುಗಳಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿಗಳು ಇಲ್ಲದಿದ್ದರೆ ಎಷ್ಟೋ ಹುಡುಗರ ಕಾರು ಹೊಗೆ ಉಗುಳುತ್ತ ಮನೆಯಂಗಳದಲ್ಲೇ ಉಳಿಯುತ್ತಿತ್ತು. ಯರಗುಪ್ಪಿಯ ಶೆಡ್ಡು ಆ ಸಾಲಿಗೇ ಸೇರಿದ್ದು, ಊರಷ್ಟೇ ಬೇರೆ.

ಊರು ಬೇರೆಯಾದರೆ ಜಂಗೂ ಬೇರೆ. ಮೊದಲು ಇವನು ನನಗೆ ತೋರಿಸಿದ್ದು ಎಂಜಿನ್ ಅಲ್ಲ, ಹಿಂದಿನ ಗಾಲಿಯ ಮೇಲಿನ ಕಮಾನು. ತಗಡನ್ನು ಬೆರಳಿನಿಂದ ಒತ್ತಿದ, ಕರಕರನೆ ಉದುರಿತು. “ನಮ್ಮ ಯರಿ ಮಣ್ಣಿನ ಕೆಲಸಾರಿ ಇದು.” ಕುಂದಗೋಳ ತಾಲ್ಲೂಕಿನ ಕಪ್ಪು ಮಣ್ಣು ಮಳೆಗೆ ಹಿಗ್ಗುತ್ತದೆ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಾಲಿಗೆ ಸುತ್ತಿಕೊಂಡರೆ ಬಿಡುವುದಿಲ್ಲ. ಅದು ಮಡ್‌ಗಾರ್ಡಿನ ಒಳಗೂ ರನ್ನಿಂಗ್ ಬೋರ್ಡಿನ ಒಳಗೂ ಸೇರಿ, ನೀರು ಇಳಿದು ಹೋಗಲೆಂದು ಕಂಪನಿ ಬಿಟ್ಟ ತೂತುಗಳನ್ನು ಮುಚ್ಚುತ್ತದೆ. ಮೇಲೆ ಬಣ್ಣ ಚೆನ್ನಾಗಿಯೇ ಇರುತ್ತದೆ, ಒಳಗಿನಿಂದ ತಗಡು ತಿಂದು ಹೋಗಿರುತ್ತದೆ. ಸಮುದ್ರದ ಉಪ್ಪು ಗಾಳಿಯಿಂದ ಕಾರು ಕೆಡುವುದನ್ನು ಮಂಗಳೂರು ಕಡೆಯವರು ಹೇಳುತ್ತಾರೆ. ಒಣ ಸೀಮೆಯಲ್ಲೂ ಕೆಡುತ್ತದೆ ಎನ್ನುವುದಕ್ಕೆ ಈ ಝೆನ್ ಸಾಕ್ಷಿ.

ಊರಲ್ಲಿ ವೆಲ್ಡಿಂಗ್ ಮಾಡುವವರಿಗೇನು ಬರವಿಲ್ಲ. ಟ್ರ್ಯಾಲಿ ಬೆಸೆಯುವವರು, ಕೂರಿಗೆಯ ಕಬ್ಬಿಣ ಜೋಡಿಸುವವರು ಇದ್ದಾರೆ. ಆದರೆ ಟ್ರ್ಯಾಲಿಗೆ ಬಳಸುವ ಆರ್ಕ್ ವೆಲ್ಡಿಂಗ್‌ ಅನ್ನು ಕಾರಿನ ತೆಳು ತಗಡಿಗೆ ಹಿಡಿದರೆ ಬೆಸುಗೆಗಿಂತ ಮೊದಲು ತೂತು ಬೀಳುತ್ತದೆ. ಅದಕ್ಕೇ ಹುಬ್ಬಳ್ಳಿಯ ಗೆಳೆಯನ ಮಿಗ್ ವೆಲ್ಡಿಂಗ್ ಯಂತ್ರ ತಂದಿಟ್ಟುಕೊಂಡಿದ್ದ. ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗೆ, ಬೇವಿನ ಮರದ ಬುಡಕ್ಕೆ ಇಟ್ಟ ಮೇಲೆಯೇ ಕೆಲಸಕ್ಕೆ ಕೈ ಹಚ್ಚಿದನಂತೆ. ಕೊಳೆತ ತಗಡನ್ನು ಕತ್ತರಿಸಿ, ಹೊಸ ತುಂಡನ್ನು ಚುಕ್ಕಿ ಚುಕ್ಕಿಯಾಗಿ, ನಡುನಡುವೆ ಆರಲು ಬಿಟ್ಟು ಹಚ್ಚಿದ್ದಾನೆ. ಒಂದೇ ಸಮನೆ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಪೇಟೆಯ ಟಿಂಕರಿಂಗ್‌ನವರು ಜಂಗಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದನ್ನು ನೋಡಿ ನೋಡಿ ಬೇಸತ್ತ ನನಗೆ, ಆ ಒರಟೊರಟಾದ ಬೆಸುಗೆಯ ಸಾಲು ಶೋರೂಮಿನ ಬಣ್ಣಕ್ಕಿಂತ ಚಂದ ಕಂಡಿತು.

ಕೆಲಸ ನಡುವೆ ನಿಂತೂ ಇತ್ತು. 2024ರ ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು ರೈತರು ಸಿಟ್ಟಿಗೆದ್ದದ್ದು, ಎಪಿಎಂಸಿ ಆವರಣದಲ್ಲಿ ವಾಹನಗಳು ಸುಟ್ಟದ್ದು ನೆನಪಿರಬಹುದು. ಆ ವರ್ಷ ಝೆನ್ ಮೇಲೆ ತಾಡಪತ್ರಿ ಬಿತ್ತು. ಅಲಾಯ್ ಗಾಲಿ, ಫ್ರೀ ಫ್ಲೋ ಸೈಲೆನ್ಸರ್ ಎಲ್ಲ ಪಟ್ಟಿಯಿಂದ ಹೊರಗೆ. ಉಳಿದದ್ದು ಬ್ರೇಕ್, ಟೈರ್, ಶಾಕಪ್, ಮತ್ತು ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳು. ಈ ಕೊನೆಯದ್ದು ಬಂಕುಗಳಿಗೆ ಶೇ 20ರ ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಅನಿವಾರ್ಯ. ಇಪ್ಪತ್ತು ವರ್ಷದ ಹಿಂದಿನ ರಬ್ಬರನ್ನು ಅದಕ್ಕೆಂದು ಮಾಡಿರಲಿಲ್ಲ. ಹಣವಿದ್ದ ಹುಡುಗರು ಮೊದಲು ಸದ್ದು ಕೊಳ್ಳುತ್ತಾರೆ, ಇವನು ಹಣವಿಲ್ಲದ್ದರಿಂದ ಮೊದಲು ಬ್ರೇಕ್ ಕೊಂಡ. ಮೆಣಸಿನಕಾಯಿ ದರ ಕಾರಿಗೆ ಒಳ್ಳೆಯದನ್ನೇ ಮಾಡಿತು ಎಂದರೆ ಇವನು ಒಪ್ಪಲಾರ.

ಟೈರ್ ವಿಷಯದಲ್ಲಂತೂ ಇವನ ಲೆಕ್ಕ ನನಗೆ ಬಹಳ ಹಿಡಿಸಿತು. ಕಂಪನಿಯ ಅಳತೆ 145/70, 13 ಇಂಚು. ಇವನು ಬರೆಸಿಟ್ಟದ್ದು 155/65. ಅಗಲ ಒಂದು ಸೆಂಟಿಮೀಟರ್ ಹೆಚ್ಚು, ಆದರೆ ಗಾಲಿಯ ಒಟ್ಟು ವ್ಯಾಸ 533 ಮಿಲಿಮೀಟರಿನಿಂದ 532ಕ್ಕೆ ಇಳಿಯುತ್ತದೆ ಅಷ್ಟೇ. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಗೇರಿನ ಎಳೆತ ಬದಲಾಗುವುದಿಲ್ಲ, ಮಡ್‌ಗಾರ್ಡಿಗೆ ತಾಗುವುದಿಲ್ಲ. ಗೋಡೆಯ ಮೇಲೆ ಇದ್ದಲಿಯಿಂದ ಗುಣಾಕಾರ ಮಾಡಿಟ್ಟಿದ್ದ, ಪಕ್ಕದಲ್ಲೇ ಗೊಬ್ಬರದ ಚೀಲಗಳ ಲೆಕ್ಕ.

ಇಷ್ಟರಲ್ಲಿ ಮೂಲೆಯ ತಟ್ಟು ನನ್ನ ಕಣ್ಣಿಗೆ ಬಿತ್ತು. “ಅದೇನು?” ಎಂದೆ. ಸ್ವಲ್ಪ ನಾಚಿಕೊಂಡೇ ಎತ್ತಿ ತೋರಿಸಿದ. ಎಸ್ಟೀಮ್ ಎಂಜಿನ್, 1298 ಸಿಸಿ, 16 ವಾಲ್ವು, 85 ಅಶ್ವಶಕ್ತಿ, ಗುಜರಿಯಿಂದ ರಸೀದಿ ಸಮೇತ ತಂದದ್ದು.

ಇಲ್ಲಿ ನಾನು ತುಸು ದಾರಿ ತಪ್ಪಲೇಬೇಕು, ಯಾಕೆಂದರೆ ಈ ತಟ್ಟಿನಡಿಯ ಎಂಜಿನ್ನಿನ ವಂಶಾವಳಿ ನನಗೆ ಬಹಳ ಇಷ್ಟ. ಸುಜುಕಿಯವರ ಜಿ ಮಾಲೆಯ ಎಂಜಿನ್ನುಗಳಲ್ಲಿ ಇದು ಒಂದು. ಇದೇ 1.3 ಲೀಟರಿನ ಇನ್ನೊಬ್ಬ ಅಣ್ಣ, ಮೇಲೆ ಎರಡು ಕ್ಯಾಮ್‌ಶಾಫ್ಟ್ ಹೊತ್ತವನು, 1986ರಲ್ಲಿ ಜಪಾನಿನ ಕಲ್ಟಸ್ ಜಿಟಿ-ಐ ಒಳಗೆ ಕೂತ. ಹೊರದೇಶಗಳಲ್ಲಿ ಅದೇ ಸ್ವಿಫ್ಟ್ ಜಿಟಿಐ. ನೂರರ ಆಸುಪಾಸಿನ ಅಶ್ವಶಕ್ತಿ, ಕೈಗೆಟುಕುವ ದರ, ಯುರೋಪಿನ ಹುಡುಗರ ಅಚ್ಚುಮೆಚ್ಚು. ನಮಗೆ ಆ ಕಲ್ಟಸ್ ಬಂದದ್ದು ಡಿಕ್ಕಿ ಅಂಟಿಸಿಕೊಂಡು, 1990ರಲ್ಲಿ ಮಾರುತಿ 1000 ಆಗಿ, 1994ರಲ್ಲಿ ಎಸ್ಟೀಮ್ ಆಗಿ. ಅಂದರೆ ಬ್ಯಾಂಕ್ ಮ್ಯಾನೇಜರರೂ ಡಾಕ್ಟರರೂ ಮೆತ್ತಗೆ ಓಡಿಸಿಕೊಂಡಿದ್ದ ಎಸ್ಟೀಮ್ ಒಂದು ಹಾಟ್ ಹ್ಯಾಚ್‌ಬ್ಯಾಕಿನ ಸಭ್ಯ ಸೋದರ. ಅದೇ ಕುಲದ ಎಂಜಿನ್ನು ಜಿಪ್ಸಿಯಲ್ಲಿ ಪೊಲೀಸರ, ಸೈನ್ಯದ ಚಾಕರಿ ಮಾಡಿತು, 2005ರ ಮೊದಲ ಸ್ವಿಫ್ಟಿನಲ್ಲಿ 87 ಅಶ್ವಶಕ್ತಿಯಾಗಿ ಮತ್ತೆ ಹ್ಯಾಚ್‌ಬ್ಯಾಕಿಗೆ ಮರಳಿತು.

ಇನ್ನೊಂದು ಮೋಜು ನೋಡಿ. ಜಿ ಮಾಲೆಯಲ್ಲಿ 993 ಸಿಸಿ ಎರಡು ಬಾರಿ ಬರುತ್ತದೆ. ಅಮೆರಿಕದ ಜಿಯೊ ಮೆಟ್ರೊದಲ್ಲಿದ್ದದ್ದು ಮೂರು ಸಿಲಿಂಡರಿನದು. ಬೋರ್ 74 ಮಿ.ಮೀ., ಸ್ಟ್ರೋಕ್ 77. ನಮ್ಮ ಝೆನ್‌ನದು ನಾಲ್ಕು ಸಿಲಿಂಡರ್. ಬೋರ್ 72, ಸ್ಟ್ರೋಕ್ 61. ಗುಣಿಸಿ ನೋಡಿದರೆ ಎರಡೂ 993! ಅಂತರ್ಜಾಲದಲ್ಲಿ ‘ಸುಜುಕಿ 993 ಸಿಸಿ’ ಎಂದಷ್ಟೇ ಹುಡುಕಿ ಬಿಡಿಭಾಗ ತರಿಸಿದವನಿಗೆ ಮೂರು ಪಿಸ್ಟನ್ನುಗಳ ಪೆಟ್ಟಿಗೆ ಬಂದರೆ ಆಶ್ಚರ್ಯವಿಲ್ಲ.

ಈ ಅಂಕಿಗಳಲ್ಲೇ ನನ್ನ ಅವನ ಜಗಳವೂ ಇತ್ತು. ಝೆನ್ ಎಂಜಿನ್ನಿನ ಸ್ಟ್ರೋಕು ಬೋರಿಗಿಂತ ಚಿಕ್ಕದು. ಪಿಸ್ಟನ್ ಸ್ವಲ್ಪವೇ ದೂರ ಹೋಗಿ ಬರುವುದರಿಂದ ಎಂಜಿನ್ ಸಲೀಸಾಗಿ ಮೇಲೇರುತ್ತದೆ, ಏರಿದಷ್ಟೂ ಖುಷಿಪಡುತ್ತದೆ. ಎಸ್ಟೀಮ್‌ನದು ಬೋರ್ 74, ಸ್ಟ್ರೋಕ್ 75.5. ಬೋರಿನಲ್ಲಿ ವ್ಯತ್ಯಾಸ ಎರಡೇ ಮಿಲಿಮೀಟರ್. ಸ್ಟ್ರೋಕು ಹದಿನಾಲ್ಕೂವರೆ ಹೆಚ್ಚು. ಕೆಳಗಿನ ವೇಗದಲ್ಲೇ ಎಳೆತ ಬರುತ್ತದೆ ನಿಜ, ಗಾಡಿಯ ಸ್ವಭಾವ ಮಾತ್ರ ಬೇರೆಯಾಗುತ್ತದೆ. ಇದನ್ನು ಹಾಕಬೇಡ, ಹಳೆಯದನ್ನೇ ಸರಿಮಾಡು ಎಂದೆ.

ಅವನು ನಕ್ಕ. “ನೀವು ಧಾರವಾಡದಾಗ ಓಡಸ್ತೀರಿ ಸರ. ಇಲ್ಲೆ ಹತ್ತಿ ಹೇರಿದ ಟ್ರ್ಯಾಕ್ಟರ್ ಹಿಂದ ಸಿಕ್ಕೊಂಡ್ ನೋಡ್ರಿ. ಎಸಿ ಬಂದ್ ಮಾಡಿ, ಮೂರನೇ ಗೇರಿಗಿ ಇಳದು, ದೇವರ ನೆನಿಸ್ಕೊಂಡ ದಾಟಬೇಕು. ಇದಿದ್ರ ನಾಕನೇ ಗೇರಿನ್ಯಾಗನ ಹೊಂಟ್ ಹೋಕ್ಕೇತಿ.”

ಆ ಗೇರ್ ಇಳಿಸುವುದರಲ್ಲೇ ಸುಖ ಇರುವುದು ಎಂದು ನಾನು. ಸುಖ ನಿಮಗೆ, ಎದುರಿನಿಂದ ಲಾರಿ ಬರುವುದು ನನಗೆ ಎಂದು ಅವನು. ಅಲ್ಲಿಗೆ ನನ್ನ ಬಾಯಿ ಮುಚ್ಚಿತು.

ಆದರೂ ಎಂಜಿನ್ ತಟ್ಟಿನಡಿಯೇ ಇದೆ. ತಡೆದದ್ದು ನನ್ನ ವಾದ ಅಲ್ಲ. ಮೌಂಟಿಂಗ್, ಆಕ್ಸಲ್, ವೈರಿಂಗ್ ತಂಟೆಗಳೂ ಅಲ್ಲ, ಅವಕ್ಕೆಲ್ಲ ಅವನ ಬಳಿ ಉಪಾಯವಿದೆ. ತಡೆದದ್ದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿನ ವಿವರಕ್ಕೂ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎನ್ನುತ್ತದೆ ಅದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಎತ್ತಿಹಿಡಿಯಿತು. ಕೆಟ್ಟ ಎಂಜಿನ್ ತೆಗೆದು ಅದೇ ಜಾತಿಯ ಎಂಜಿನ್ ಕೂರಿಸಲು ಅನುಮತಿ ಕೇಳಬಹುದು; 993ರ ಜಾಗಕ್ಕೆ 1298 ಎಂದರೆ ಕತೆಯೇ ಬೇರೆ. ಅಪಘಾತವಾದರೆ ವಿಮಾ ಕಂಪನಿಯವರು ಮೊದಲು ನೋಡುವುದು ಎಂಜಿನ್ ನಂಬರು. ರ‍್ಯಾಲಿಗೆಂದೇ ಕಟ್ಟಿದ ಗಾಡಿಗಳಿಗೆ ಆ ಕ್ರೀಡೆಯ ಸಂಘದ ನಿಯಮಾವಳಿ ಇದೆ. ಕುಂದಗೋಳದ ಸಂತೆಗೆ ಹೋಗುವ ಗಾಡಿಗೆ ಆ ರಿಯಾಯಿತಿ ಇಲ್ಲ.

ಈ ವಿಷಯದಲ್ಲಿ ನನ್ನ ಮನಸ್ಸು ಎರಡಾಗಿದೆ. ಸೊಟ್ಟ ಬೆಸುಗೆಯ, ಸಣ್ಣ ಬ್ರೇಕಿನ ಕಾರಿಗೆ ದುಪ್ಪಟ್ಟು ಎಂಜಿನ್ ಹಾಕಿ ಹೆದ್ದಾರಿಗೆ ಬಿಡುವವರನ್ನು ಕಂಡವರು ಈ ಕಲಂ ಬೇಡವೆನ್ನಲಾರರು. ಆದರೆ ಕಲಂ ಓದಿಕೊಂಡು, ಬ್ರೇಕಿಗೆ ಮೊದಲು ಹಣ ಹಾಕಿ, ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಾಯ್ದಿಟ್ಟವನೂ ಅದೇ ಸಾಲಿನಲ್ಲಿ ನಿಲ್ಲಬೇಕು. ಪರೀಕ್ಷಿಸಿ, ಒಪ್ಪಿಗೆಯಾದರೆ ಮುದ್ರೆ ಒತ್ತುವ ವ್ಯವಸ್ಥೆ ಬ್ರಿಟನ್, ಜರ್ಮನಿಯಂಥ ಕಡೆ ಇದೆ. ನಮ್ಮಲ್ಲಿ ಸದ್ಯ ಹಳೆ ಕಾರಿನ ಬಗ್ಗೆ ಸರ್ಕಾರಕ್ಕೆ ಇರುವ ಆಸಕ್ತಿ ಶುಲ್ಕದಲ್ಲೇ ಹೆಚ್ಚು ಕಾಣುತ್ತದೆ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರಲ್ಲಿ, ಇಪ್ಪತ್ತು ವರ್ಷ ದಾಟಿದ್ದಕ್ಕೆ 10,000. ಇವನ ಝೆನ್‌ನ ಸರದಿ 2027ಕ್ಕೆ. ಗುಜರಿ ತೂಕಕ್ಕೆ ಹಾಕಿದರೆ ಎಷ್ಟು ಸಿಕ್ಕೀತು ಎಂದು ಊರಿನ ಹಿರಿಯರೊಬ್ಬರು ಆಗಲೇ ಲೆಕ್ಕ ಹೇಳಿ ಹೋಗಿದ್ದಾರಂತೆ.

ಸದ್ಯಕ್ಕೆ ಹಳೆ 993ರ ಹೆಡ್ ಬಿಚ್ಚಿ ಹುಬ್ಬಳ್ಳಿಯ ಲೇತಿಗೆ ಫೇಸಿಂಗ್ ಮಾಡಿಸಲು ಕೊಟ್ಟಿದ್ದಾನೆ. ಹೊಸ ರಿಂಗ್, ಹೊಸ ಟೈಮಿಂಗ್ ಬೆಲ್ಟ್, ವಾಲ್ವ್ ಸೀಲುಗಳು ಬಂದಿವೆ. ಮುಂದಿನ ತಂಟೆ ತೂಕದ್ದು. ಸ್ಟೆಪ್ನಿ, ಹಿಂದಿನ ಸೀಟು, ಎಸಿ ಮೂರನ್ನೂ ಕಿತ್ತರೆ ಎಷ್ಟು ಕಿಲೊ ಇಳಿಯುತ್ತದೆ ಎಂದು ಕಾಳು ತೂಗುವ ಕಾಟಾದ ಮೇಲೆ ಒಂದೊಂದನ್ನೇ ಇಟ್ಟು ನೋಡಿದ್ದಾನೆ. ಎಸಿ ತೆಗೆಯುವ ವಿಚಾರ ಏಪ್ರಿಲ್ ಬಿಸಿಲಿಗೆ ತಾನೇ ಬಿದ್ದುಹೋಯಿತು. ಸೀಟು ತೆಗೆಯುವ ವಿಚಾರ ಬೀಳಿಸಿದ್ದು ಅವ್ವ. ಚಹಾದ ಕಪ್ಪು ಕೊಡಲು ಬಂದವರು ಅಂಡಿಗೆಯ ಮೇಲೆ ಮಗುಚಿಟ್ಟ ಸೀಟನ್ನು ನೋಡಿ, ನನಗೆ ಕೇಳಿಸುವಂತೆಯೇ ಮಗನಿಗೆ ಹೇಳಿದರು: “ಎಳ್ಳಮಾಸಿಗೆ ಚರಗ ಚಲ್ಲಾಕ ಹೊಲಕ್ಕ ಹೋಗಬೇಕು, ಬುಟ್ಟಿ ಇಡಾಕ, ನಾ ಕುಂದರಾಕ ಜಾಗ ಬೇಕು. ಅಷ್ಟರಾಗ ಇದನ್ನ ಕೂಡಸು. ಆಮ್ಯಾಲೆ ನಿನ್ನ ರೇಸು.”

“ಹೆಡ್ ಬರಲಿ ತಡಿಯವ್ವಾ” ಎಂದ ಮಗ, ಹತ್ತು ಎಂಎಂ ಪಾನಾ ಎಲ್ಲಿ ಹೋಯಿತೆಂದು ನೆಲ ಹುಡುಕತೊಡಗಿದ.